ಆ ಎರಡನೇ ಫೋಟೋ ತೆಗೆಯಿರಿ ಚಿಕ್ಕಪ್ಪ

ಮಡಿಕೇರಿ ಚಿಕ್ಕಪ್ಪ: (2 ಫೋಟೋ) ಕಾಫಿ ಕುಯ್ಲು ಶುರುವಾಗುವ ಮೊದಲು ನಮ್ಮ ತೋಟದಲ್ಲಿ ಎಲ್ಲರಿಗೂ ಈ ಆರೋಗ್ಯದ ಫಾರಂ. ಬಿಪಿ, ಶುಗರ್, ಸೊಂಟದ ಅಳತೆ, ಅಪ್ಪ-ಅಮ್ಮನ ಕಾಯಿಲೆ, ಕುಡಿತ ಎಲ್ಲ ಇದೆ. ಒಬ್ಬರದು ತುಂಬಿದ್ದೂ ಹಾಕಿದ್ದೇನೆ. ತುಂಬಿ ಕೊಟ್ಟವರಿಗೆ ಒಂದು ದಿನದ ಕೂಲಿ ಜಾಸ್ತಿ. ಒಳ್ಳೇದಲ್ವಾ?

ಪುಟ್ಟಿ: ಚಿಕ್ಕಪ್ಪ, ಮೊದಲು ಆ ಎರಡನೇ ಫೋಟೋ ತೆಗೆಯಿರಿ. ಅವರ ಹೆಸರು ಕಾಣುತ್ತಿದೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಮಡಿಕೇರಿ ಚಿಕ್ಕಪ್ಪ: ತೆಗೆದೆ. ಗಮನಿಸಿರಲಿಲ್ಲ.

ಪುಟ್ಟಿ: ನನ್ನ ಭಯ ಇದೇ. ಫಾರಂ ತೋಟದ ಗುಮಾಸ್ತರು, ಅಂದರೆ ರೈಟರ್, ಅವರ ಮೇಜಿಗೆ ಹೋಗುತ್ತೆ, ಅಲ್ಲಿಂದ ಮೇಸ್ತ್ರಿಗೆ ಗೊತ್ತಾಗುತ್ತೆ. ನಾನು ಮೊದಲಿದ್ದ ಆಫೀಸಿನಲ್ಲಿ ಕ್ಯಾಂಪ್ ಮಾಡಿದಾಗ ನನ್ನ ಬಿಪಿ 150/96 ಬಂತು. ಎರಡು ದಿನ ಬಿಟ್ಟು ಊಟದ ಹೊತ್ತಿನಲ್ಲಿ ಎಲ್ಲರೆದುರೇ "ನಿಮಗೆ ಬಿಪಿ ಅಂತಲ್ಲ, ಸೀಸನ್ ಕೆಲಸ ಬೇಡ ಬಿಡಿ" ಅಂದರು. ಆ ವರ್ಷದ ಓವರ್‌ಟೈಮ್ ಹೋಯಿತು. ಡಾಕ್ಟರಿಗೆ ತೋರಿಸಿ ಅಂತ ಮಾತ್ರ ಯಾರೂ ಹೇಳಲಿಲ್ಲ. ಒಂದು ದಿನದ ಕೂಲಿ ಕೊಡುತ್ತೀವಿ ಅಂದರೆ ಲೈನ್‌ಮನೆಯಲ್ಲಿರುವ ಕೂಲಿಯವರು ಬೇಡ ಅನ್ನಲು ಆಗುತ್ತಾ?

ಮಡಿಕೇರಿ ಚಿಕ್ಕಪ್ಪ: ಹಾಗಂತ ಸುಮ್ನೆ ಇರಲಾ? ಹೋದ ವರ್ಷ ಲೈನ್‌ಮನೆಯಲ್ಲಿ ಒಬ್ಬರಿಗೆ ಸ್ಟ್ರೋಕ್ ಆಯಿತು. ವಯಸ್ಸು 44. ಬಿಪಿ ಇದೆ ಅಂತ ಅವರಿಗೇ ಗೊತ್ತಿರಲಿಲ್ಲ. ಮಳೆಯಲ್ಲಿ ರಾತ್ರಿ ಜೀಪಿನಲ್ಲಿ ಕರೆದುಕೊಂಡು ಹೋದವನು ನಾನು.

ಸೋಮವಾರಪೇಟೆ ಅತ್ತೆ: ಪತ್ತೆ ಆಗಲೇಬೇಕು ತಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀನು ಅಳಿಸುವ ಮೊದಲೇ ನಾನು ನೋಡಿಬಿಟ್ಟೆ. ಇದು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರ ಅಂಕಪಟ್ಟಿ ಥರ ಇದೆ, ಸಕ್ಕರೆ ಕಾಯಿಲೆಯ ಅಪಾಯ ಎಷ್ಟು ಅಂತ ಅಳೆಯುವುದು, ನಾನು ಡ್ಯೂಟಿಯಲ್ಲಿದ್ದಾಗ ಬಳಸಿದ್ದೇನೆ. ವಯಸ್ಸು 50 ಆದರೆ 30 ಅಂಕ, ಹೆಂಗಸರ ಸೊಂಟ 90 ಸೆಂಟಿಮೀಟರ್ ಮುಟ್ಟಿದರೆ 20, ಕೂತು ಮಾಡುವ ಕೆಲಸ, ವ್ಯಾಯಾಮವೂ ಇಲ್ಲ ಅಂದರೆ 30. ಒಟ್ಟು 60 ಮುಟ್ಟಿದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಅರ್ಥ, ಕಾಯಿಲೆ ಇದೆ ಅಂತ ಅಲ್ಲ. ನಿಮ್ಮ ರೈಟರ್ ಆ ಹೆಂಗಸಿಗೆ "ವ್ಯಾಯಾಮ ಇಲ್ಲ" ಅಂತ ಟಿಕ್ ಹಾಕಿದ್ದಾರೆ! ಬೆಳಿಗ್ಗೆಯಿಂದ ಇಳಿಜಾರಿನಲ್ಲಿ ಹಣ್ಣು ಕುಯ್ದು, ಸಂಜೆ ಚೀಲ ಹೊತ್ತು ತೂಕಕ್ಕೆ ತರುವವಳು. ವಾಕಿಂಗ್ ಹೋಗಲ್ಲ ಅಂದಿರಬೇಕು ಪಾಪ.

ಬೆಂಗಳೂರು ಅಣ್ಣ: ನಮ್ಮಲ್ಲೂ ಇದೆ. ಹೆಜ್ಜೆ ಎಣಿಸಿದರೆ ಕೂಪನ್. ಕಂಪನಿಗೆ ಆಸ್ಪತ್ರೆ ಖರ್ಚು ಉಳಿಯುತ್ತಂತೆ.

ಪುಟ್ಟಿ: ಅಷ್ಟು ಸುಲಭ ಅಲ್ಲ ಅಣ್ಣ. ಅಮೆರಿಕದ ಒಂದು ದೊಡ್ಡ ಅಂಗಡಿ ಕಂಪನಿಯಲ್ಲಿ ಇಂಥ ಆರೋಗ್ಯ ಕಾರ್ಯಕ್ರಮದಿಂದ ಏನಾಗುತ್ತೆ ಅಂತ ಸುಮಾರು 33,000 ನೌಕರರನ್ನು ನೋಡಿದ್ದಾರೆ, 2019ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 18 ತಿಂಗಳಾದ ಮೇಲೆ "ವ್ಯಾಯಾಮ ಮಾಡುತ್ತೇವೆ" ಅನ್ನುವವರು ಜಾಸ್ತಿಯಾದರು. ಬಿಪಿ, ಆಸ್ಪತ್ರೆ ಖರ್ಚು, ರಜೆ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ಪುಟ್ಟಿ: ಇನ್ನೊಂದು ಚಿಕ್ಕಪ್ಪ. ನಿಮ್ಮ ತೋಟದಲ್ಲಿ ಹೆಂಗಸರು ಮಧ್ಯಾಹ್ನದವರೆಗೆ ನೀರೇ ಕುಡಿಯಲ್ಲ. ಕುಡಿದರೆ ಹೋಗಲು ಜಾಗ ಎಲ್ಲಿದೆ? ಉರಿಮೂತ್ರ ಅಂತ ಅಮ್ಮನ ಹತ್ತಿರ ಎಷ್ಟು ಜನ ಬಂದು ಹೇಳಿಲ್ಲ. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆಯಲ್ಲೇ ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ ಎರಡೂ ಇತ್ತು. ಫಾರಂನಲ್ಲಿ ಆ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಮಡಿಕೇರಿ ಚಿಕ್ಕಪ್ಪ: ಅದು ನಿಜ. ಆದರೆ ಕಟ್ಟಿಸುವುದು ಮಾಲೀಕರ ಕೈಯಲ್ಲಿದೆ. ನನ್ನ ಕೈಯಲ್ಲಿರುವುದು ಈ ಫಾರಂ ಮಾತ್ರ.

ಪುಟ್ಟಿ: ಅರ್ಜಿ ನಾನು ಬರೆದು ಕೊಡುತ್ತೇನೆ, ನೀವು ಕೊಡಿ.

ಸೋಮವಾರಪೇಟೆ ಅತ್ತೆ: ಫಾರಂ ಸರಿ ಮಾಡೋಣ. ಬಿಪಿ ನಾನೇ ಬಂದು ನೋಡುತ್ತೇನೆ. ಚೀಟಿ ಅವರವರ ಕೈಗೆ. ಆಫೀಸಿಗೆ ಎಷ್ಟು ಜನರಿಗೆ ಬಿಪಿ ಜಾಸ್ತಿ ಅನ್ನುವ ಲೆಕ್ಕ ಸಾಕು. ಮಾರನೇ ದಿನ ಆಸ್ಪತ್ರೆಗೆ ಜೀಪು ಬಿಡು, ಕೂಲಿ ಹಿಡಿಯಬೇಡ.

ಮಡಿಕೇರಿ ಚಿಕ್ಕಪ್ಪ: ಹೆಸರೇ ಇಲ್ಲದಿದ್ದರೆ ಯಾರನ್ನು ಹತ್ತಿಸಲಿ ಅಕ್ಕಾ?

ಸೋಮವಾರಪೇಟೆ ಅತ್ತೆ: ಕೂಲಿ ಹೋಗಲ್ಲ ಅಂತ ಗೊತ್ತಾದರೆ ಅವರೇ ಬಂದು ಹತ್ತುತ್ತಾರೆ. ಶುಕ್ರವಾರ ಬರಲಾ?

ಮಡಿಕೇರಿ ಚಿಕ್ಕಪ್ಪ: ಶುಕ್ರವಾರ ಸಂತೆ, ಯಾರೂ ಸಿಗಲ್ಲ. ಶನಿವಾರ ಬಾ. ಪುಟ್ಟಿ, ಅರ್ಜಿ ಇವತ್ತೇ ಕಳಿಸು.