ಫಲಕದಲ್ಲಿ 68 ಮಿಲಿಗ್ರಾಂ, ಮಾಳಿಗೆಯಲ್ಲಿ ಬೂದಿ: ಲೆಕ್ಕ ಹಿಡಿಯುವುದು ಹೇಗೆ?

ಕೃಷ್ಣಾತೀರ (ರಾಯಚೂರು ತಾಲ್ಲೂಕು)
ನಮಸ್ಕಾರ. ನಮ್ಮೂರಿಗೆ ಹತ್ತಿರದ ಉಷ್ಣ ವಿದ್ಯುತ್ ಕೇಂದ್ರವೊಂದರ ಗೇಟಿನ ಫಲಕದಲ್ಲಿ ದೂಳಿನ ಪ್ರಮಾಣ ಘನಮೀಟರಿಗೆ 68 ಮಿಲಿಗ್ರಾಂ ಎಂದಿರುತ್ತದೆ. ಬೇಸಿಗೆಯಲ್ಲಿ ಸಂಜೆ ಗಾಳಿ ಎದ್ದರೆ ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಗೆ ಬೂದಿಬಣ್ಣದ ಪುಡಿ ಹತ್ತುತ್ತದೆ. ಆ 68 ಮಿತಿಯೊಳಗಿದೆಯೇ? ಅದರಿಂದ ವರ್ಷದ ಒಟ್ಟು ಪ್ರಮಾಣವನ್ನು ಅಂದಾಜಿಸಬಹುದೇ?

ಹಳೆ ಘಟಕ
ಮಿತಿ ಕೇಂದ್ರಕ್ಕಲ್ಲ, ಘಟಕದ ವಯಸ್ಸಿಗೆ ತಕ್ಕಂತಿದೆ. ಕೇಂದ್ರ ಪರಿಸರ ಸಚಿವಾಲಯದ 2015ರ ಡಿಸೆಂಬರಿನ ಅಧಿಸೂಚನೆಯಂತೆ 2003ರ ಕೊನೆಯೊಳಗೆ ಸ್ಥಾಪಿಸಿದ ಘಟಕಗಳಿಗೆ ದೂಳಿನ ಮಿತಿ 100, 2004ರಿಂದ 2016ರವರೆಗಿನವಕ್ಕೆ 50, ಅನಂತರದವಕ್ಕೆ 30 ಮಿಲಿಗ್ರಾಂ. ಉದಾಹರಣೆಗೆ, ರಾಯಚೂರು ಬಳಿಯ ಶಕ್ತಿನಗರದ ಕೇಂದ್ರದಲ್ಲಿ ಮೊದಲ ಘಟಕ 1985ರದು, ಎಂಟನೆಯದು 2010ರ ಹೊತ್ತಿನದು. ಅಂದರೆ ಒಂದೇ ಆವರಣದಲ್ಲಿ ಎರಡು ಮಿತಿಗಳು. ಫಲಕದ ಅಂಕಿ ಯಾವ ಚಿಮಣಿಯದೆಂದು ಮೊದಲು ನೋಡಿಕೊಳ್ಳಿ.

ಚಿಮಣಿ ಲೆಕ್ಕಿಗ
ಮೇಲಿನವರು ಹೇಳಿದ್ದು ಸರಿ, ಆದರೆ ಮಿತಿಗೆ ಹೋಲಿಸುವ ಮೊದಲು ಆಮ್ಲಜನಕದ ಲೆಕ್ಕ ಆಗಬೇಕು. ಹೊಗೆ ಸಾಗುವ ಡಕ್ಟಿನ ಸಂದುಗಳಿಂದ ಹೊರಗಾಳಿ ಒಳನುಸುಳಿದರೆ, ನೀರು ಬೆರೆಸಿದ ಮಜ್ಜಿಗೆಯಂತೆ, ಹೊಗೆ ತೆಳುವಾಗಿ ಅಂಕಿ ಇಳಿಯುತ್ತದೆ. ಇದನ್ನು ಸರಿಹೊಂದಿಸಲು ಎಲ್ಲ ಅಳತೆಗಳನ್ನೂ ಶೇ 6ರ ಆಮ್ಲಜನಕಕ್ಕೆ ತರಬೇಕು. ನಿಮ್ಮ 68 ಸರಿಪಡಿಸದ ಅಂಕಿಯಾಗಿದ್ದು ಆಮ್ಲಜನಕ ಶೇ 9 ಇದ್ದರೆ, 68ನ್ನು 15ರಿಂದ (ಗಾಳಿಯ ಆಮ್ಲಜನಕ ಶೇ 21ರಲ್ಲಿ 6 ಕಳೆದು) ಗುಣಿಸಿ 12ರಿಂದ (21ರಲ್ಲಿ 9 ಕಳೆದು) ಭಾಗಿಸಿ, 85 ಬರುತ್ತದೆ.

ಒಟ್ಟು ಪ್ರಮಾಣದ ಲೆಕ್ಕ ಬೇರೆ. ಅಲ್ಲಿ ಸರಿಪಡಿಸದ 68ನ್ನೇ ಅನಿಲದ ನಿಜವಾದ ಹರಿವಿನಿಂದ ಗುಣಿಸಬೇಕು. 85ನ್ನು ಗುಣಿಸಿದರೆ ಲೆಕ್ಕ ಉಬ್ಬುತ್ತದೆ (ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ). ಹರಿವು ಗಂಟೆಗೆ 10 ಲಕ್ಷ ಘನಮೀಟರ್ ಎಂದಿಟ್ಟುಕೊಂಡರೆ ದೂಳು ಗಂಟೆಗೆ 68 ಕಿಲೋ. ಘಟಕ ಎಷ್ಟು ಗಂಟೆ, ಎಷ್ಟು ಲೋಡಿನಲ್ಲಿ ಓಡಿತೆಂಬುದು ತಿಳಿಯದೆ ಅದನ್ನು ವರ್ಷಕ್ಕೆ ವಿಸ್ತರಿಸಬಾರದು.

ಗಂಧಕದ ಡೈಆಕ್ಸೈಡಿಗೆ ಕಲ್ಲಿದ್ದಲಿನಿಂದಲೇ ಅಂದಾಜು ಸಾಧ್ಯ. ಒಂದು ಕಿಲೋ ಗಂಧಕ ಉರಿದರೆ ಎರಡು ಕಿಲೋ ಡೈಆಕ್ಸೈಡ್ ಆಗುತ್ತದೆ. ಗಂಟೆಗೆ 140 ಟನ್ ಕಲ್ಲಿದ್ದಲು, ಅದರಲ್ಲಿ ಶೇ 0.4 ಗಂಧಕ ಎಂದುಕೊಂಡರೆ ಹೆಚ್ಚೆಂದರೆ 1.1 ಟನ್ ಹೊರಬೀಳುತ್ತದೆ. ದೂಳು ಹಿಡಿಯುವ ವಿದ್ಯುತ್ ಫಲಕಗಳು ಈ ಅನಿಲವನ್ನು ತಡೆಯಲಾರವು. 2025ರ ಜುಲೈ ಅಧಿಸೂಚನೆಯು ದೊಡ್ಡ ನಗರಗಳಿಂದ ದೂರವಿರುವ ಬಹಳಷ್ಟು ಕೇಂದ್ರಗಳಿಗೆ, ಚಿಮಣಿಯ ಎತ್ತರದ ಷರತ್ತಿನೊಡನೆ, ಈ ಅನಿಲದ ಮಿತಿಯಿಂದ ವಿನಾಯಿತಿ ಕೊಟ್ಟಿರುವುದರಿಂದ ಇಂಥ ಲೆಕ್ಕಕ್ಕೆ ಬೆಲೆ ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ.

ಕುಡಿತಿನಿ ರಸ್ತೆ (ಬಳ್ಳಾರಿ)
ಹೊಗೆ ಯಾವ ಕೇಂದ್ರದ್ದೆಂದು ತಿಳಿಯಲು ಉಪಗ್ರಹದ ನಕ್ಷೆ ನೋಡುವುದಾದರೆ ಅದೊಂದನ್ನೇ ನಂಬಬೇಡಿ. ನಮ್ಮಲ್ಲಿ ಕುಡಿತಿನಿಯ ವಿದ್ಯುತ್ ಕೇಂದ್ರದ ಹೊಗೆಯೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳ ಹೊಗೆಯೂ ಗಾಳಿಯಲ್ಲಿ ಬೆರೆಯುತ್ತವೆ. ಇನ್ನು, ಶಾವಿಗೆಯ ಮೇಲಿನ ಪುಡಿ ಚಿಮಣಿಯದೇ ಆಗಿರಬೇಕೆಂದಿಲ್ಲ. ಒಣಗಿದ ಹಾರುಬೂದಿ ಹೊಂಡದಿಂದಲೂ ಟಾರ್ಪಾಲು ಹೊದಿಸದ ಲಾರಿಯಿಂದಲೂ ಬೂದಿ ಏಳುತ್ತದೆ, ಮತ್ತು ಅದು ಫಲಕದ ಅಂಕಿಯಲ್ಲಿ ಎಂದೂ ಸೇರುವುದಿಲ್ಲ.

ಕೃಷ್ಣಾತೀರ
ಎಲ್ಲರಿಗೂ ಧನ್ಯವಾದಗಳು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ದೂಳಿನ ಅಂಕಿಯ ಜೊತೆಗೆ ಆಮ್ಲಜನಕ, ಹರಿವು ಮತ್ತು ಲೋಡನ್ನು ಘಟಕವಾರು 15 ನಿಮಿಷಗಳ ಸರಾಸರಿಯಲ್ಲಿ ಕೇಳುತ್ತೇನೆ. ಬೂದಿ ಹೊಂಡ ನಮ್ಮ ಮನೆಯ ಯಾವ ದಿಕ್ಕಿಗಿದೆ ಎಂಬುದನ್ನು ಇಷ್ಟು ದಿನ ನಾನು ಯೋಚಿಸಿಯೇ ಇರಲಿಲ್ಲ.