ರಿನೈಸಾನ್ಸ್, ಬರೋಕ್, ಕ್ಲಾಸಿಕಲ್: ಕಿವಿಯಿಂದಲೇ ಗುರುತು ಹಿಡಿಯುವುದು ಹೇಗೆ?

ಕುಕ್ಕರಹಳ್ಳಿ ಕೇಳುಗ

ಮೈಸೂರಿನ ನಮ್ಮ ಪಿಟೀಲು ತರಗತಿಯಲ್ಲಿ ಹದಿನೈದು ಜನ ಇದ್ದೇವೆ. ಎಲ್ಲರೂ ಜೂನಿಯರ್ ಪರೀಕ್ಷೆ ಮುಗಿಸಿದವರು, ನಾಲ್ಕೈದು ಮಂದಿ ಸೀನಿಯರ್‌ಗೆ ಕೂರುವವರು. ಮುಂದಿನ ತಿಂಗಳು ಒಂದು ಭಾನುವಾರ ಎರಡು ಗಂಟೆ ಕೂತು ಪಾಶ್ಚಾತ್ಯ ಸಂಗೀತ ಕೇಳೋಣ ಅಂತ ತೀರ್ಮಾನವಾಗಿದೆ. ಜೋಸ್ಕಾನ್‌ನಿಂದ ಮೊಜಾರ್ಟ್‌ವರೆಗೆ, ಅಂದರೆ ಸುಮಾರು 1480ರಿಂದ 1800. ಸ್ವರಜ್ಞಾನ ಎಲ್ಲರಿಗೂ ಇದೆ, ಸ್ಟಾಫ್ ನೊಟೇಶನ್ ಯಾರಿಗೂ ಬರುವುದಿಲ್ಲ.

ಮೂರು ಕಾಲಘಟ್ಟಗಳನ್ನು (ಸುಮಾರು 1600ರವರೆಗೆ ರಿನೈಸಾನ್ಸ್, 1750ರವರೆಗೆ ಬರೋಕ್, ಆಮೇಲೆ ಕ್ಲಾಸಿಕಲ್) ಬರೀ ಕೇಳಿ ಬೇರ್ಪಡಿಸುವುದು ಹೇಗೆ? ಯಾವ ಕೃತಿಗಳನ್ನು, ಯಾವ ಕ್ರಮದಲ್ಲಿ ಹಾಕಬೇಕು? ಪುಸ್ತಕ ನೋಡಿದರೆ ಹುಟ್ಟಿದ ಇಸವಿ, ಸತ್ತ ಇಸವಿ ಸಿಗುತ್ತವೆ. ಕಿವಿಗೆ ಏನು ಹೇಳಬೇಕು ಅನ್ನುವುದು ಸಿಗುತ್ತಿಲ್ಲ.

ಒಂಟಿಕೊಪ್ಪಲ್ ಪಿಟೀಲು

ಮೇಲಿನ ಹಾಡನ್ನು ಬಿಟ್ಟು ಕೆಳಗಿನ ದನಿಯನ್ನು ಹಿಡಿಯಲು ಹೇಳಿಕೊಡಿ ಸರ್. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ನಮ್ಮ ಕಿವಿ ಪಳಗಿರುವುದು ಒಂದು ಹಾಡು, ಒಂದು ಶ್ರುತಿಗೆ. ಕೆಳಗೆ ತಂಬೂರಿ ಅಲುಗದೆ ನಿಂತಿರುತ್ತದೆ, ಅದನ್ನು ಹಿಂಬಾಲಿಸುವ ಪ್ರಮೇಯವೇ ಬರುವುದಿಲ್ಲ. ಈ ಸಂಗೀತದಲ್ಲಿ ಕೆಳಗಿನದೂ ನಡೆಯುತ್ತದೆ. ಅದರ ನಡಿಗೆ ಗೊತ್ತಾದರೆ ಕಾಲವೂ ಗೊತ್ತಾಗುತ್ತದೆ.

ರಿನೈಸಾನ್ಸ್‌ನಲ್ಲಿ ಕೆಳಗಿನ ದನಿಗೂ ಮೇಲಿನದಕ್ಕೂ ಅಂತಸ್ತಿನ ವ್ಯತ್ಯಾಸ ಕಡಿಮೆ. ಜೋಸ್ಕಾನ್‌ನ ‘ಆವೆ ಮರಿಯಾ... ವಿರ್ಗೋ ಸೆರೇನಾ’ ಹಾಕಿ, ಐದು ನಿಮಿಷದ ಮೊಟೆಟ್, ಅಂದರೆ ಚರ್ಚಿನ ಬಹುದನಿ ಹಾಡು. ನಾಲ್ಕು ದನಿಗಳು ಮೇಲಿನಿಂದ ಕೆಳಕ್ಕೆ ಒಂದಾದಮೇಲೊಂದು ಅದೇ ಸಾಲನ್ನು ಎತ್ತಿಕೊಳ್ಳುತ್ತವೆ. ಮಂದ್ರದ ದನಿ ಹೊಣೆ ಹೊರಲು ಬಂದದ್ದಲ್ಲ, ಅದೇ ಮಾತನ್ನು ತನ್ನ ಸರದಿಯಲ್ಲಿ ಹೇಳಲು ಬಂದದ್ದು. ಪ್ರತಿ ದನಿ ಒಳಗೆ ಬಂದಾಗ ಕೈಯೆತ್ತಿ ಅಂತ ಹೇಳಿ. ಮೊದಲ ಸಲ ಮೂರಕ್ಕೆ ನಿಲ್ಲುತ್ತಾರೆ, ಎರಡನೇ ಸಲ ನಾಲ್ಕೂ ಸಿಗುತ್ತವೆ.

ಬರೋಕ್‌ನಲ್ಲಿ ಮಂದ್ರವೇ ಯಜಮಾನ. ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಬಿಡದೆ ನಡೆಯುತ್ತಿರುತ್ತದೆ, ಮೇಲೆ ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಕೀಲಿಮಣೆ ವಾದ್ಯ) ತುಂಬುತ್ತದೆ. ಇದಕ್ಕೆ ಪರ್ಸೆಲ್‌ನ ‘ಡೈಡೋ ಅಂಡ್ ಈನಿಯಸ್’ ಒಪೆರಾದ ಕೊನೆಯಲ್ಲಿ ಡೈಡೋ ಹಾಡುವ ಶೋಕಗೀತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಐದು ಬಾರ್‌ಗಳ (ಬಾರ್ ಅಂದರೆ ಎಣಿಕೆಯ ಒಂದು ಸಣ್ಣ ಸುತ್ತು) ಒಂದು ಮಂದ್ರದ ಸಾಲು ಮೊದಲಿನಿಂದ ಕೊನೆಯವರೆಗೂ ತಿರುಗಿ ತಿರುಗಿ ಬರುತ್ತದೆ. ಅದು ಇಳಿಯುವ ಮೊದಲ ಭಾಗಕ್ಕೆ ಸ್ವರ ಹಾಕಿದರೆ: ಸ, ಕಾಕಲಿ ನಿ, ಕೈಶಿಕಿ ನಿ, ಚತುಶ್ರುತಿ ಧ, ಶುದ್ಧ ಧ, ಪ. ಪಂಚಮಕ್ಕೂ ಮೇಲಿನ ಷಡ್ಜಕ್ಕೂ ನಡುವೆ ನಾಲ್ಕು ಸ್ವರಸ್ಥಾನಗಳೂ ಒಟ್ಟಿಗೆ. ನಮ್ಮ ಮೇಳಕರ್ತದಲ್ಲಾದರೆ (ಏಳು ಸ್ವರದ ಮೂಲ ರಾಗ) ಎರಡಕ್ಕೇ ಜಾಗ. ಎಲ್ಲರಿಂದಲೂ ಇದನ್ನು ಪಿಟೀಲಿನಲ್ಲಿ, ಗಮಕ ಇಲ್ಲದೆ, ಎರಡು ಸಲ ನುಡಿಸಿ. ಆಮೇಲೆ ಹಾಡು ಹಾಕಿ. ಎಣಿಕೆ ಮೂರರದು, ಆದಿತಾಳ ಹಾಕಿಕೊಂಡು ಕೂತರೆ ದಾರಿ ತಪ್ಪುತ್ತದೆ. ಮೇಲಿನ ಹಾಡಿನ ಸಾಲು ಮುಗಿಯುವ ಜಾಗಕ್ಕೂ ಮಂದ್ರ ಮುಗಿಯುವ ಜಾಗಕ್ಕೂ ಹಲವು ಕಡೆ ತಾಳೆಯಾಗುವುದಿಲ್ಲ. ದುಃಖ ಕಟ್ಟಿರುವುದು ಆ ಎಳೆತದಲ್ಲಿ. ಮೇಲಿನದನ್ನು ಮಾತ್ರ ಕೇಳಿದವರಿಗೆ ಅದು ದಕ್ಕುವುದಿಲ್ಲ.

ಕ್ಲಾಸಿಕಲ್‌ಗೆ ಬಂದರೆ ಮಂದ್ರ ಹಿಂದೆ ಸರಿಯುತ್ತದೆ. ಒಂದೇ ಸ್ವರ ಟಕಟಕ ಅನ್ನುತ್ತಿರುತ್ತದೆ, ಇಲ್ಲವೇ ಒಟ್ಟಿಗೆ ನುಡಿಯಬೇಕಾದ ಸ್ವರಗಳು ಒಂದೊಂದಾಗಿ ಒಡೆದು ಮಿಡಿಯುತ್ತವೆ. ಹಾಡು ಮೇಲೆ, ನಾಲ್ಕು ಬಾರ್ ಪ್ರಶ್ನೆ, ನಾಲ್ಕು ಬಾರ್ ಉತ್ತರ. ಮೊಜಾರ್ಟ್‌ನ ಕೆ. 545 (ಕೆ. ಅಂದರೆ ಅವನ ಕೃತಿಪಟ್ಟಿಯ ಸಂಖ್ಯೆ) ಪಿಯಾನೊ ಸೊನಾಟಾ ಶುರುವಾಗುವಾಗ ಎಡಗೈಯಲ್ಲಿ ಇರುವುದು ಸ-ಪ-ಗ-ಪ, ಸ-ಪ-ಗ-ಪ. ಇದಕ್ಕೆ ಆಲ್ಬರ್ಟಿ ಬೇಸ್ ಅನ್ನುತ್ತಾರೆ.

ಕ್ರಮ: ಜೋಸ್ಕಾನ್, ಗೇಬ್ರಿಯೆಲಿಯ ‘ಸೊನಾಟಾ ಪಿಯಾನ್ ಎ ಫೋರ್ಟೆ’ (1597), ಪರ್ಸೆಲ್, ಕೊರೆಲ್ಲಿಯ ಓಪಸ್ 6ರ (ಓಪಸ್ ಅಂದರೆ ಪ್ರಕಟಣೆಯ ಸಂಖ್ಯೆ) ಎಂಟನೇ ಕಾನ್ಸರ್ಟೊ ಗ್ರೊಸ್ಸೊದಿಂದ (ಸಣ್ಣ ತಂಡಕ್ಕೂ ದೊಡ್ಡ ತಂಡಕ್ಕೂ ಸರದಿ ಇರುವ ಕೃತಿ) ಎರಡು ಭಾಗ, ವಿವಾಲ್ಡಿಯ ‘ವಸಂತ’ದ ಮೊದಲ ಭಾಗ, ಬಾಖ್‌ನ ಜಿ ಮೈನರ್ (ಜಿ ಷಡ್ಜ, ಸಾಧಾರಣ ಗಾಂಧಾರ) ಆರ್ಗನ್ ಫ್ಯೂಗ್ (ಒಂದೇ ಮಟ್ಟನ್ನು ದನಿಗಳು ಸರದಿಯಲ್ಲಿ ಎತ್ತಿಕೊಳ್ಳುವ ಕೃತಿ; ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯೂವಿ 578), ಹೈಡನ್‌ನ ‘ಸರ್ಪ್ರೈಸ್’ ಸಿಂಫನಿ ಎರಡನೇ ಭಾಗ, ಹೈಡನ್‌ನ ಓಪಸ್ 76ರ ಮೂರನೇ ಕ್ವಾರ್ಟೆಟ್ (ಎರಡು ಪಿಟೀಲು, ವಿಯೋಲಾ, ಚೆಲ್ಲೊ) ಎರಡನೇ ಭಾಗ, ಕೆ. 545ರ ಮೊದಲ ಭಾಗ. ಎಲ್ಲ ಸೇರಿ ಸುಮಾರು 45 ನಿಮಿಷ. ಪ್ರತಿಯೊಂದನ್ನೂ ಎರಡು ಸಲ ಹಾಕಿ, ಮಾತಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಇದಕ್ಕಿಂತ ಹೆಚ್ಚು ಕೃತಿ ತುರುಕಿದರೆ ಮನೆಗೆ ಹೋಗುವಾಗ ಯಾರ ಕಿವಿಯಲ್ಲೂ ಒಂದೂ ಉಳಿಯುವುದಿಲ್ಲ.

ಮಂಡ್ಯ ಕೀಬೋರ್ಡ್

ಮಂದ್ರದ ಮಾತು ಸರಿ. ಒಂದು ಕೃತಿ ಮಾತ್ರ ಬದಲಾಯಿಸಿ. ಕೆ. 545 ಎಡಗೈ ತೋರಿಸಲು ಚೆನ್ನ, ಸೊನಾಟಾ ರೂಪ ಕಲಿಸಲು ಬೇಡ. ಆ ರೂಪದಲ್ಲಿ ಎರಡು ವಸ್ತು, ಅಂದರೆ ಮುಖ್ಯ ಮಟ್ಟು, ಇರುತ್ತವೆ; ಮೊದಲ ವಸ್ತು ಮರಳಿ ಬರುವಾಗ ಮೂಲ ಷಡ್ಜದಲ್ಲೇ ಬರುವುದು ವಾಡಿಕೆ. ಇಲ್ಲಿ ಮೊಜಾರ್ಟ್ ಅದನ್ನು ಮಧ್ಯಮವನ್ನೇ ಷಡ್ಜ ಮಾಡಿಕೊಂಡು ತರುತ್ತಾನೆ. ಹೊಸಬರು ‘ಮನೆಗೆ ಬಂತು’ ಅಂತ ಕೈಯೆತ್ತಬೇಕಾದ ಕಡೆ ಮನೆಯೇ ಬೇರೆ ಜಾಗದಲ್ಲಿರುತ್ತದೆ. ಮೊದಲ 20 ಸೆಕೆಂಡು ಕೇಳಿಸಿ ನಿಲ್ಲಿಸಿ, ಪೂರ್ತಿ ಕೇಳಲು ‘ಐನೆ ಕ್ಲೈನೆ ನಾಖ್ಟ್‌ಮುಸಿಕ್’ (ಕೆ. 525, 1787) ಮೊದಲ ಭಾಗ ಹಾಕಿ. ತಂತಿವಾದ್ಯಗಳೇ ಇರುವುದರಿಂದ ಪಿಟೀಲಿನವರಿಗೆ ಹತ್ತಿರ. ಆರಂಭ ಎಲ್ಲರಿಗೂ ಪರಿಚಿತ: ಸ ಪ ಸ ಪ, ಸಪಸಗಪ, ಎಲ್ಲ ವಾದ್ಯಗಳೂ ಒಂದೇ ಸಾಲು.

ಇಲ್ಲಿ ಕರ್ನಾಟಕ ಸಂಗೀತದವರು ಖಂಡಿತ ಎಡವುವ ಜಾಗ ಒಂದಿದೆ. ಸಂಗೀತ ಪಂಚಮಕ್ಕೆ ಸರಿದಾಗ ‘ಓ, ಗ್ರಹಭೇದ’ ಅನ್ನುತ್ತಾರೆ. ಅಲ್ಲ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಹಾಗೇ ಇರುತ್ತವೆ, ಷಡ್ಜ ಮಾತ್ರ ಬದಲಾಗುತ್ತದೆ. ಶಂಕರಾಭರಣದ ಪಂಚಮವನ್ನು ಷಡ್ಜ ಮಾಡಿಕೊಂಡರೆ ಹರಿಕಾಂಬೋಜಿ ಸಿಗುತ್ತದೆ. ಮೊಜಾರ್ಟ್ ಪಂಚಮಕ್ಕೆ ಹೋಗಿ ಅಲ್ಲೂ ಶಂಕರಾಭರಣವನ್ನೇ ಕಟ್ಟುತ್ತಾನೆ. ಅದಕ್ಕೆ ಮೂಲದ ಶುದ್ಧ ಮಧ್ಯಮ ಪ್ರತಿ ಮಧ್ಯಮ ಆಗಲೇಬೇಕು. ಆ ಪ್ರತಿ ಮಧ್ಯಮ ಕೇಳಿಸುವ ಕ್ಷಣವೇ ದಾಟುವ ಕ್ಷಣ. ಇವರಿಗೆ ಮಧ್ಯಮ ಗುರುತಿಸುವುದು ಕಷ್ಟವಲ್ಲ, ಹಾಗಾಗಿ ಇದೇ ಅತ್ಯಂತ ಒಳ್ಳೆಯ ಪರೀಕ್ಷೆ. ಎರಡನೇ ವಸ್ತು ಮೊದಲ ಸಲ ಪಂಚಮದಲ್ಲಿ, ಕೊನೆಯ ಸುತ್ತಿನಲ್ಲಿ ಮೂಲ ಷಡ್ಜದಲ್ಲಿ. ಇಷ್ಟು ಹಿಡಿದರೆ ಸೊನಾಟಾ ರೂಪದ ಬೆನ್ನೆಲುಬು ಕೈಗೆ ಸಿಕ್ಕಿದ ಹಾಗೆ.

ವಿವಾಲ್ಡಿಗೂ ಇದೇ ಬೆಳಕು. ‘ವಸಂತ’ (ಓಪಸ್ 8, 1725ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದದ್ದು) ಪಲ್ಲವಿ ಇರುವ ಕೃತಿಯ ಹಾಗೆ ಕೇಳಿಸುತ್ತದೆ: ಇಡೀ ತಂಡದ ರಿಟೊರ್ನೆಲ್ಲೊ, ನಡುವೆ ಒಂಟಿ ಪಿಟೀಲು, ಮತ್ತೆ ರಿಟೊರ್ನೆಲ್ಲೊ. ಆದರೆ ನಮ್ಮ ಪಲ್ಲವಿ ಯಾವಾಗಲೂ ಅದೇ ಷಡ್ಜಕ್ಕೆ ಮರಳುತ್ತದೆ. ಇದು ಮೊಟಕಾಗಿ, ಕೆಲವು ಕಡೆ ಬೇರೆ ಷಡ್ಜದಲ್ಲಿ ಮರಳುತ್ತದೆ. ಗುಡುಗು ಮಳೆಯ ಭಾಗ ಮುಗಿದ ಮೇಲೆ ಮೈನರ್‌ನಲ್ಲಿ.

ಹಾರ್ಪ್ಸಿಕಾರ್ಡ್ ಬಗ್ಗೆ ಒಂದು ಮಾತು. ನುಡಿಸುವವನ ಮುಂದೆ ಮಂದ್ರದ ಸಾಲು, ಅದರ ಜೊತೆ ಅಂಕಿಗಳು, ಅಷ್ಟೇ ಇರುತ್ತವೆ. ಅಂಕಿ ಇಲ್ಲದಿದ್ದರೆ ಮೂರನೆಯ ಮತ್ತು ಐದನೆಯ ಸ್ವರ ಸೇರಿಸು ಅಂತ: ಸ ಇದ್ದರೆ ಸ-ಗ-ಪ. ಗ ಇದ್ದು 6 ಅಂತ ಬರೆದಿದ್ದರೆ ಗ-ಪ-ಸ. ಹೇಗೆ ಹರಡಬೇಕು, ಎಲ್ಲಿ ಅಲಂಕಾರ ಅನ್ನುವುದು ಅವನ ಮನೋಧರ್ಮ. ಒಂದೇ ಕೃತಿಯ ಎರಡು ರೆಕಾರ್ಡಿಂಗ್‌ನಲ್ಲಿ ಈ ಭಾಗ ಬೇರೆ ಬೇರೆ ಇರುವುದು ಅದಕ್ಕೇ. ನಿಮ್ಮವರಿಗೆ ಇದು ಹೇಳಿದರೆ ಮುಖ ಅರಳುತ್ತದೆ.

ಸರಸ್ವತಿಪುರಂ ಸೌಂಡ್

ಮಂದ್ರ ಕೇಳಿ ಅನ್ನುತ್ತಿದ್ದೀರಿ, ಅದು ಸ್ಪೀಕರ್‌ನಿಂದ ಹೊರಗೆ ಬರಬೇಕಲ್ಲ. ಚೆಲ್ಲೊದ ತಳದ ತಂತಿ ಸುಮಾರು 65 ಹರ್ಟ್ಸ್. ಫೋನಿನ ಸ್ಪೀಕರ್ ಆ ಮಟ್ಟದಲ್ಲಿ ಏನೂ ಕೊಡುವುದಿಲ್ಲ, ಅಂಗೈಯಗಲದ ಬ್ಲೂಟೂತ್ ಡಬ್ಬಿಯೂ ಅಷ್ಟಕ್ಕಷ್ಟೇ. ಪರ್ಸೆಲ್ ಹಾಕಿದರೆ ಹಾಡುವವಳು ಮಾತ್ರ ಉಳಿಯುತ್ತಾಳೆ. ಐದಾರು ಇಂಚಿನ ಕೋನ್ ಇರುವ ಒಂದು ಜೊತೆ ಸ್ಪೀಕರ್ ತನ್ನಿ.

ಜೊತೆಯೇ ಬೇಕು, ಒಂದು ಸಾಲದು. ಗೇಬ್ರಿಯೆಲಿಯದ್ದು ಎರಡು ತಂಡ ಎದುರುಬದುರು: ಒಂದರಲ್ಲಿ ಕಾರ್ನೆಟ್ (ಹಳೆಯ ಮರದ ಊದುವಾದ್ಯ, ಈಗಿನ ಬ್ಯಾಂಡಿನದ್ದಲ್ಲ) ಮತ್ತು ಮೂರು ಟ್ರಾಂಬೋನ್, ಇನ್ನೊಂದರಲ್ಲಿ ಪಿಟೀಲಿನ ಜಾತಿಯ ವಾದ್ಯ ಮತ್ತು ಮೂರು ಟ್ರಾಂಬೋನ್. ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನ ಸಂಗೀತ ಅದು. ಒಂದೇ ಡಬ್ಬಿಯಲ್ಲಿ ಹಾಕಿದರೆ ಎರಡೂ ಒಂದೇ ಮುದ್ದೆ. ಸ್ಪೀಕರ್‌ಗಳ ನಡುವೆ ಎಂಟು ಅಡಿ ಬಿಡಿ, ಕೇಳುವವರನ್ನು ಮಧ್ಯಕ್ಕೆ ಕೂರಿಸಿ. ತೀರ ಮೂಲೆಗೆ ತಳ್ಳಬೇಡಿ, ಮಂದ್ರ ಗುಮ್ಮೆನ್ನುತ್ತದೆ. ಗೋಡೆಯಿಂದ ಒಂದೂವರೆ ಅಡಿ ಸಾಕು. ಬರೀ ಗೋಡೆ, ಗ್ರಾನೈಟ್ ನೆಲದ ಕೋಣೆಯಾದರೆ ಜಮಖಾನ ಹಾಸಿ, ಇಲ್ಲದಿದ್ದರೆ ಬಾಖ್‌ನ ಫ್ಯೂಗ್‌ನಲ್ಲಿ ನಾಲ್ಕು ದನಿ ಬೇರ್ಪಡುವುದಿಲ್ಲ. ವಾಲ್ಯೂಮ್ ಏರಿಸಿದರೆ ಇನ್ನೂ ಕೆಡುತ್ತದೆ, ಇಳಿಸಿ.

ಕುಕ್ಕರಹಳ್ಳಿ ಕೇಳುಗ

ತುಂಬ ಉಪಕಾರ. ಮೂರು ಸಂದೇಹ ಉಳಿದಿವೆ. ಕೇಳುವಾಗ ತಂಬೂರಿ ಆ್ಯಪ್ ಹಾಕಿಕೊಂಡರೆ ಸ್ವರ ಹಿಡಿಯಲು ಅನುಕೂಲವೇ? ಸೊನಾಟಾ ಅನ್ನುವ ಪದ 1597ಕ್ಕೂ ಮೊಜಾರ್ಟ್‌ಗೂ ಒಂದೇ ಅರ್ಥದಲ್ಲಿದೆಯೇ? ಮತ್ತೆ, ಆ ಕಾಲದ ಚರ್ಚ್ ಸಂಗೀತಕ್ಕೆ ಹೆಸರಾದ ಪ್ಯಾಲೆಸ್ಟ್ರೀನಾ ಇಲ್ಲದೆ ರಿನೈಸಾನ್ಸ್ ಮಾಡಬಹುದೇ?

ಒಂಟಿಕೊಪ್ಪಲ್ ಪಿಟೀಲು

ತಂಬೂರಿ ಬೇಡವೇ ಬೇಡ. ಸಂಗೀತ ಬೇರೆ ಷಡ್ಜಕ್ಕೆ ದಾಟಿದ ಕೂಡಲೇ ತಂಬೂರಿ ಅದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇನ್ನೊಂದು ತೊಡಕು: ಹಳೆಯ ಮಾದರಿಯ ವಾದ್ಯಗಳಲ್ಲಿ ಬರೋಕ್ ನುಡಿಸುವ ತಂಡಗಳು ಹೆಚ್ಚಾಗಿ ಎ ಸ್ವರವನ್ನು 440ರ ಬದಲು 415 ಹರ್ಟ್ಸ್‌ಗೆ ಇಟ್ಟುಕೊಳ್ಳುತ್ತವೆ, ಅರ್ಧ ಮನೆ ಕೆಳಗೆ. ಜಿ ಮೈನರ್ ಅಂತ ಬರೆದಿರುವುದು ನಿಮ್ಮ ಹಾರ್ಮೋನಿಯಂನಲ್ಲಿ ಎಫ್ ಶಾರ್ಪ್‌ಗೆ ಬೀಳುತ್ತದೆ. ಪರ್ಸೆಲ್‌ನ ಮಂದ್ರವನ್ನು ನುಡಿಸಿಸುವ ಮೊದಲು ರೆಕಾರ್ಡಿಂಗ್‌ನ ಷಡ್ಜ ನೋಡಿಕೊಂಡು ಪಿಟೀಲನ್ನು ಅದಕ್ಕೆ ಇಳಿಸಿ. ಏರಿಸಿ ಹೊಂದಿಸಲು ಹೋದರೆ ಮೇಲಿನ ತಂತಿ ಕಿತ್ತುಹೋಗುತ್ತದೆ.

ಸೊನಾಟಾ ಅಂದರೆ ಮೂಲದಲ್ಲಿ ನುಡಿಸುವಂಥದ್ದು, ಕಂಟಾಟಾ ಅಂದರೆ ಹಾಡುವಂಥದ್ದು. ಗೇಬ್ರಿಯೆಲಿಯ ಕಾಲಕ್ಕೆ ಅಷ್ಟೇ ಅರ್ಥ. ಸಿಂಫನಿಯೂ ಹಾಗೆಯೇ: ಗೇಬ್ರಿಯೆಲಿಯ 1597ರ ಸಂಪುಟದ ಹೆಸರೇ ‘ಸಾಕ್ರೆ ಸಿಂಫೋನಿಯೆ’, ಅದರಲ್ಲಿ ಹಾಡುಗಾರಿಕೆಯೂ ಇದೆ. ಬಾಖ್‌ನ ಮೂರು ದನಿಯ ಸಿನ್ಫೋನಿಯಾಗಳು ಕೀಲಿಮಣೆಗೆ. ಹೈಡನ್‌ನ ಕೈಗೆ ಬಂದಾಗ ಅದು ಆರ್ಕೆಸ್ಟ್ರಾದ ನಾಲ್ಕು ಭಾಗಗಳ ಕೃತಿ: ವೇಗ, ನಿಧಾನ, ಮಿನ್ಯುಯೆಟ್, ವೇಗ. ಹೆಸರು ನೋಡಿ ಪ್ರಕಾರ ತೀರ್ಮಾನಿಸಬೇಡಿ, ಇಸವಿ ನೋಡಿ.

ಪ್ಯಾಲೆಸ್ಟ್ರೀನಾ ಬೇಕಿದ್ದರೆ ‘ಮಿಸ್ಸಾ ಪಾಪೆ ಮಾರ್ಚೆಲ್ಲಿ’ಯ ಕೀರಿಯೆ (ಚರ್ಚಿನ ಪೂಜಾಸಂಗೀತದ ಮೊದಲ ಭಾಗ) ಸೇರಿಸಿ, ಆರು ದನಿ. ಈ ಕೃತಿಯೇ ಚರ್ಚಿನ ಬಹುದನಿ ಸಂಗೀತವನ್ನು ನಿಷೇಧದಿಂದ ಉಳಿಸಿತು ಅನ್ನುವುದು ದಂತಕಥೆ, ಅದನ್ನು ಇತಿಹಾಸ ಅಂತ ಹೇಳಬೇಡಿ. 1600, 1750 ಅನ್ನುವ ಗೆರೆಗಳೂ ನಮ್ಮ ಅನುಕೂಲಕ್ಕೆ. ಮಾಂಟೆವೆರ್ಡಿಯ 1605ರ ಐದನೇ ಮ್ಯಾಡ್ರಿಗಲ್ (ಚರ್ಚಿನದ್ದಲ್ಲದ ಬಹುದನಿ ಹಾಡು) ಸಂಪುಟದಲ್ಲಿ ಹೊಲಿಗೆಯೇ ಕಾಣುತ್ತದೆ: ಕೊನೆಯ ಆರು ಮ್ಯಾಡ್ರಿಗಲ್‌ಗಳಿಗೆ ಮಂದ್ರದ ವಾದ್ಯ ಕಡ್ಡಾಯ, ಅದಕ್ಕೆ ಮೊದಲಿನವನ್ನು ದನಿಗಳಷ್ಟೇ ಹಾಡಬಹುದು. ಬಾಖ್ ತೀರಿಕೊಂಡ 1750ರಲ್ಲಿ ಹೈಡನ್‌ಗೆ ಆಗಲೇ 18.

ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯ, ನೊಟ್ಟುಸ್ವರ, ಅಂದರೆ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಕಟ್ಟಿದ ಹಾಡುಗಳು. ದೀಕ್ಷಿತರ ‘ಸಂತತಂ ಪಾಹಿಮಾಂ’ ನಿಮ್ಮವರಿಗೆ ಬರುತ್ತಿದ್ದರೆ, ಗಮಕವಿಲ್ಲದ ಶಂಕರಾಭರಣವೇ ಪಾಶ್ಚಾತ್ಯ ಸಂಗೀತ ಅಂತ ಅಂದುಕೊಂಡಿರುತ್ತಾರೆ. ದೀಕ್ಷಿತರು ತೆಗೆದುಕೊಂಡದ್ದು ಮೇಲಿನ ಮಟ್ಟು. ಕೆಳಗಿನ ದನಿಗಳು ಜೊತೆಗೆ ಬರಲಿಲ್ಲ. ಅದನ್ನೇ ಮೊದಲು ನುಡಿಸಿ, ‘ಇದರ ಕೆಳಗೆ ಏನಿತ್ತು?’ ಅಂತ ಕೇಳಿ ಕೂಟ ಶುರುಮಾಡಬಹುದು. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ.

‘ಸರ್ಪ್ರೈಸ್’ಗೆ ಮಾತ್ರ ಆದಿತಾಳ ಹಾಕಿಸಿ. ಸಸ ಗಗ ಪಪ ಗ, ಮಮ ರಿರಿ ನಿನಿ ಪ, ಕೊನೆಯ ನಿ, ಪ ಮಂದ್ರದವು. ಬಾರ್‌ಗೆ ಎರಡು ಎಣಿಕೆ, 16 ಬಾರ್‌ಗೆ ನಾಲ್ಕು ಆವರ್ತ. ನಾಲ್ಕನೆಯದು ಮುಗಿಯುವಲ್ಲಿ ಇಡೀ ಆರ್ಕೆಸ್ಟ್ರಾ ಸಿಡಿಯುತ್ತದೆ. ಮೊದಲೇ ಹೇಳಬೇಡಿ.

ಕೊನೆಗೆ ಓಪಸ್ 76 ಕ್ವಾರ್ಟೆಟ್. ಹಾಡು ಒಂದು ಸ್ವರವೂ ಬದಲಾಗದೆ ಕೈಯಿಂದ ಕೈಗೆ ಹೋಗುತ್ತದೆ: ಮೊದಲು ಒಂದನೇ ಪಿಟೀಲು, ಆಮೇಲೆ ಎರಡನೇ ಪಿಟೀಲು, ಆಮೇಲೆ ಚೆಲ್ಲೊ, ವಿಯೋಲಾ, ಮತ್ತೆ ಒಂದನೇ ಪಿಟೀಲು. ಎರಡನೇ ಪಿಟೀಲಿನ ಸರದಿಯಲ್ಲಿ ಎರಡು ಪಿಟೀಲು ಮಾತ್ರ, ಮಂದ್ರವೇ ಇಲ್ಲ. ಮುಂದಿನದರಲ್ಲಿ ಚೆಲ್ಲೊ ಹಾಡನ್ನೇ ಎತ್ತಿಕೊಳ್ಳುತ್ತದೆ. ಅಷ್ಟು ಹೊತ್ತು ಮಂದ್ರ ಹಿಂಬಾಲಿಸಿ ಬಂದವರನ್ನು ಆ ಕ್ಷಣ ಸ್ವಲ್ಪ ಸುಮ್ಮನೆ ಬಿಡಿ, ಏನೂ ವಿವರಿಸಬೇಡಿ.