ಈ ವಾರದ ಸಮಸ್ಯೆ: ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಸಂಚಾಲಕ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಈ ಸಲ ಸಮಸ್ಯೆ ಕೊಡುವ ಸರದಿ ನನ್ನದು. ಪದ್ಯದ ಕೊನೆಯ ಸಾಲು ಇದು:

ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಮೇಲಿನ ಮೂರು ಸಾಲು ನಿಮ್ಮದು. ಸಾಲಿಗೆ ಮಾತ್ರೆ ಐದು, ಐದು, ಐದು, ಮೂರು. ಆದಿಪ್ರಾಸ, ಅಂದರೆ ಎಲ್ಲ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ, ಬಿಡುವ ಹಾಗಿಲ್ಲ. ಟ್ಟ ಸಿಗುವುದೇನು ಕಷ್ಟವಲ್ಲ, ಹೊಟ್ಟೆ ಬಟ್ಟೆ ರೊಟ್ಟಿ ಎಲ್ಲದರಲ್ಲೂ ಅದೇ ಇದೆ. ಭಾಷೆ ಸುಲಭವಾಗಿರಲಿ. ನನ್ನ ಕೈಲಿ ನಿಘಂಟು ಹಿಡಿಸಿದವರಿಗೆ ಅಂಕ ಕಡಿಮೆ.

ಜಾಗ ಭದ್ರಾ ಹಿನ್ನೀರು, ಲಕ್ಕವಳ್ಳಿ ಕಡೆ. ಕಾಲ ಮಾರ್ಚ್, ಏಪ್ರಿಲ್. ಅಣೆಕಟ್ಟೆ ತುಂಬಿದಾಗ ನೀರು 186 ಅಡಿ ಇರುತ್ತದೆ. ಬೇಸಿಗೆ ಬೆಳೆಗೆ ಕಾಲುವೆಯಲ್ಲಿ ಬಿಡುತ್ತಾ ಬಿಡುತ್ತಾ ಅದು ಇಳಿಯುತ್ತದೆ. ಆಗ ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದೇ ಮೇಲೆ ಬರುತ್ತದೆ. ಮರ ಇಲ್ಲ, ಪೊದೆ ಇಲ್ಲ, ಬರೀ ಕಲ್ಲು ಮಣ್ಣು. ಈ ಬೋಳು ನಡುಗಡ್ಡೆಗಳನ್ನೇ ಹುಡುಕಿಕೊಂಡು ಹೊಳೆ ರೀವ (ರಿವರ್ ಟರ್ನ್) ಹಕ್ಕಿಗಳು ಗುಂಪುಗುಂಪಾಗಿ ಬರುತ್ತವೆ. ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಕೊಟ್ಟು ಒಲಿಸಿಕೊಳ್ಳುತ್ತದೆ. ಗೂಡು ಅಂತ ಕಟ್ಟುವುದೇ ಇಲ್ಲ. ನೆಲ ಕೆದಕಿ ಸಣ್ಣ ಗುಳಿ ಮಾಡಿ ಎರಡು ಮೂರು ಮೊಟ್ಟೆ ಇಡುತ್ತವೆ. ಮಾಸಲು ಬಣ್ಣ, ಮೇಲೆ ಕಂದು ಚುಕ್ಕೆ. ಕಲ್ಲಿನ ನಡುವೆ ಬಿದ್ದಿದ್ದರೆ ಕಾಲಿಟ್ಟ ಮೇಲೇ ಗೊತ್ತಾಗಬೇಕು.

ಒಂದೇ ಷರತ್ತು. ಕನಸು, ಶಾಪ, ಇಂದ್ರಜಾಲ ತಂದು ಸಮಸ್ಯೆ ಬಿಡಿಸಬೇಡಿ. ಭೋಜರಾಜ ಕೊಟ್ಟ ‘ಠಂ ಠಂ’ ಸಮಸ್ಯೆಯ ಕಥೆ ನಿಮಗೆಲ್ಲ ಗೊತ್ತು. ಅರ್ಥವೇ ಇಲ್ಲದ ಆ ಸಾಲಿಗೆ ಕಾಳಿದಾಸ ದೇವರನ್ನೂ ಕರೆಯಲಿಲ್ಲ, ದೆವ್ವವನ್ನೂ ಕರೆಯಲಿಲ್ಲ. ಹೆಂಗಸಿನ ಕೈಯಿಂದ ಕೊಡ ಜಾರಿತು, ಮೆಟ್ಟಿಲ ಮೇಲೆ ಉರುಳಿತು, ಅದರ ಸದ್ದು ಅಂದ. ನನಗೆ ಬೇಕಾದದ್ದು ಅಂಥದ್ದು. ನಡುಗಡ್ಡೆಯಲ್ಲಿ ದಿನಾ ನಡೆಯುವ ಸಂಗತಿಯಲ್ಲೇ ಉತ್ತರ ಇದೆ.

ಶಿವಮೊಗ್ಗದ ಗೆಳತಿ:

ಇದು ಮಂಡಗದ್ದೆ ಹಕ್ಕಿಗಳಾ? ಹಾಗಾದರೆ ನಾನೂ ನೋಡಿದ್ದೇನೆ.

ಸಂಚಾಲಕ:

ಅಲ್ಲ. ಅದು ತುಂಗೆ, ಇದು ಭದ್ರೆ. ಮಂಡಗದ್ದೆಗೆ ಬೆಳ್ಳಕ್ಕಿ, ನೀರುಕಾಗೆಗಳು ಬರುವುದು ಮಳೆಗಾಲಕ್ಕೆ. ಹೊಳೆ ನಡುವಿನ ಮರದ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿ ಮೊಟ್ಟೆ ಮೇಲೆ ಮಳೆ ಬಿದ್ದರೆ ಅದು ಸಮಸ್ಯೆಯೇ ಅಲ್ಲ! ರೀವದ ಲೆಕ್ಕ ಉಲ್ಟಾ. ಮಳೆ ಹಿಡಿದು ಅಣೆಕಟ್ಟೆ ತುಂಬುವುದರೊಳಗೆ ಮರಿ ಹಾರಬೇಕು. ಆಮೇಲೆ ನೆಲವೇ ಇರುವುದಿಲ್ಲ.

ತೀರ್ಥಹಳ್ಳಿ ಮೇಷ್ಟ್ರು:

ಮೊದಲ ಪೂರಣ ನನ್ನದೇ ಇರಲಿ.

ಹೊಟ್ಟೆ ಹಸಿದರು ಗೂಡು ಬಿಟ್ಟೇಳದವ್ವ
ಬೆಟ್ಟದಷ್ಟಾಸೆಯನು ಮರಿಗಳಲಿ ಇಟ್ಟು
ಕಟ್ಟಕಡೆಗತ್ತಳೋ? ಕಣ್ಣೀರು ಬಿತ್ತೊ?
ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಸಂಚಾಲಕ:

ಮೇಷ್ಟ್ರೇ, ಛಂದಸ್ಸು ನೀಟಾಗಿದೆ. ‘ಬೆಟ್ಟದಷ್ಟಾಸೆ’ ನಾಲಿಗೆಗೆ ಹಿತವಾಗಿದೆ. ಆದರೆ ಹಕ್ಕಿ ಅಳುವುದಿಲ್ಲವಲ್ಲ. ತಾಯಿ ಅಂದ ಕೂಡಲೇ ಕಣ್ಣೀರು ಸುರಿಸುವುದು ನಮ್ಮ ಪದ್ಯಗಳಿಗೆ ಅಂಟಿದ ರೋಗ. ಇನ್ನೊಂದು, ‘ಹಸಿದರೂ ಏಳದ’ ಅಂದಿರಿ. ಈ ಹಕ್ಕಿ ಏಳುತ್ತದೆ, ಅದೂ ಪದೇ ಪದೇ. ಎದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಗುಟ್ಟು.

ತೀರ್ಥಹಳ್ಳಿ ಮೇಷ್ಟ್ರು:

ಮಾರಾಯ್ರೆ, ಸುಳಿವು ಕೊಟ್ಟುಬಿಟ್ರಿ. ನನಗೆ ಅರ್ಧ ಅಂಕನಾದ್ರೂ ಹಾಕಿ.

ಸಾಗರದ ಅಕ್ಕ:

ಬಿಸಿಲು ಮಳೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತ ನಾವು ಚಿಕ್ಕವರಿದ್ದಾಗ ಕೂಗುತ್ತಿರಲಿಲ್ವಾ? ಅದನ್ನೇ ಹಿಡಿದೆ.

ಗಟ್ಟಿಮೇಳವು ಕಾಗೆಗೂ ನರಿಗು ಮದುವೆ
ಹಿಟ್ಟಿಲ್ಲ ಬೆಲ್ಲವಿಲ್ಲೂಟಕ್ಕೆ ಚಿಂತೆ
ದಿಟ್ಟ ವರ ಕೊಕ್ಕೆತ್ತಿ ತೋರಿಸಿದನಲ್ಲಿ
ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಸಂಚಾಲಕ:

ಅಕ್ಕ, ಇದು ಭಾರಿ ಚೆನ್ನಾಗಿದೆ. ಕಾಗೆ ಮದುವಣಿಗನಾದರೆ ಊಟಕ್ಕೆ ಇನ್ನೇನು ಇರುತ್ತದೆ! ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಕಾಗೆಯೇ ದೊಡ್ಡ ಕಳ್ಳ. ಸುತ್ತ ನೀರಿರುವ ಜಾಗ ಆರಿಸಿಕೊಳ್ಳುವುದು ನರಿ ನಾಯಿಗಳಿಂದ ತಪ್ಪಿಸಿಕೊಳ್ಳುವುದಕ್ಕೆ. ಕಾಗೆಗೆ ನೀರು ಅಡ್ಡ ಬರುವುದಿಲ್ಲ. ಅದಕ್ಕೇ ಇವು ಗುಂಪಾಗಿ ಇರುತ್ತವೆ. ಒಂದು ಕಾಗೆ ತಲೆ ಹಾಕಿದರೆ ಹತ್ತಾರು ರೀವ ಒಟ್ಟಿಗೆ ಎದ್ದು ಕಿರುಚಿ ಅಟ್ಟುತ್ತವೆ. ಆದರೆ ಅಕ್ಕ, ಬಿಸಿಲು ಮಳೆ ಅಪರೂಪಕ್ಕೆ ಬರುವುದು. ನಾನು ಕೇಳಿದ ಮಳೆ ಮಧ್ಯಾಹ್ನ ಮಧ್ಯಾಹ್ನ ಬರುತ್ತದೆ.

ಶಿಕಾರಿಪುರದ ಹುಡುಗ:

ಸಾರ್, ನಾನು ಎಂಟನೇ ಕ್ಲಾಸು. ನನ್ನದೂ ತಗೊಳ್ಳಿ.

ದಟ್ಟಡವಿಯಿಂದಾನೆ ನೀರಿಗಿಳಿದಿತ್ತು
ಹೊಟ್ಟೆ ತುಂಬಾ ಕುಡಿದು ಸೊಂಡಿಲನು ತುಂಬಿ
ಗಟ್ಟಿಯಾಗೊಮ್ಮೆ ಸೀನಿತು ನೋಡಿ ಆಗ
ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಸಾಗರದ ಅಕ್ಕ:

ಅಯ್ಯೋ, ನಕ್ಕು ನಕ್ಕು ಸಾಕಾಯ್ತು. ಈ ಹುಡುಗನಿಗೇ ಬಹುಮಾನ ಕೊಡಿ.

ಸಂಚಾಲಕ:

ಒಂದು ಮಾತ್ರೆಯೂ ತಪ್ಪಿಲ್ಲ, ನೋಡಿದ್ರಾ? ಸೀನು ತಂದದ್ದಂತೂ ದೊಡ್ಡವರಿಗೆ ಹೊಳೆಯುವ ಮಾತಲ್ಲ. ಬೇಸಿಗೆಯಲ್ಲಿ ಕಾಡಿನ ಹಳ್ಳಗಳು ಒಣಗುತ್ತವೆ, ಆಗ ಆನೆ, ಕಾಟಿ, ಜಿಂಕೆ ಎಲ್ಲ ಹಿನ್ನೀರಿನ ದಡಕ್ಕೆ ಇಳಿಯುತ್ತವೆ. ಅದು ನಿಜ. ಆದರೆ ರೀವ ಇರುವುದು ದಡದಿಂದ ದೂರ, ನೀರಿನ ನಡುವೆ. ಅಲ್ಲಿವರೆಗೆ ಮುಟ್ಟುವ ಸೀನು ಅಂದರೆ... ಪುಟ್ಟ, ನೀನು ಬರೀತಾ ಇರು.

ಭದ್ರಾವತಿಯ ಗೆಳೆಯ:

ನನ್ನದು ಸ್ವಲ್ಪ ಕಹಿ.

ಪುಟ್ಟ ನಡುಗಡ್ಡೆಯೆಡೆ ದೋಣಿ ನುಗ್ಗಿತ್ತು
ಬಟ್ಟಲಂತಹ ಕಣ್ಣ ಕ್ಯಾಮೆರಾ ಹಿಡಿದು
ರಟ್ಟೆಗಾತ್ರದ ಅಲೆಯು ದಡಕಪ್ಪಳಿಸಲು
ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ತೀರ್ಥಹಳ್ಳಿ ಮೇಷ್ಟ್ರು:

‘ಕಣ್ಣ ಕ್ಯಾಮೆರಾ’ ಅಂದಾಗ ಒತ್ತಕ್ಷರದ ಹಿಂದಿನ ‘ಣ್ಣ’ ಗುರು ಆಗುವುದಿಲ್ವಾ? ಆಗ ಮಾತ್ರೆ ಒಂದು ಜಾಸ್ತಿ ಆಯ್ತಲ್ಲ.

ಸಂಚಾಲಕ:

ಬೇರೆ ಬೇರೆ ಪದ ಅಲ್ವಾ ಮೇಷ್ಟ್ರೇ, ತೇಲಿಸಿ ಓದಿದರೆ ನಡೆಯುತ್ತದೆ. ಕನ್ನಡದಲ್ಲಿ ಅಷ್ಟು ಸಡಿಲ ಇದೆ. ಸಮಾಸ ಆಗಿದ್ದರೆ ನಿಮ್ಮ ಆಕ್ಷೇಪ ಒಪ್ಪುತ್ತಿದ್ದೆ.

ಪದ್ಯದ ವಿಷಯಕ್ಕೆ ಬಂದರೆ, ಗೆಳೆಯರು ಸುಳ್ಳು ಹೇಳಿಲ್ಲ. ದೋಣಿ ಹತ್ತಿರ ಬಂದರೆ ನೀರು ಚಿಮ್ಮುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಕ್ಕಿಗಳೆಲ್ಲ ಎದ್ದು ಹಾರುತ್ತವೆ. ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಈ ಕಾಲದಲ್ಲಿ ರೀವ ಮೊಟ್ಟೆ ಮೇಲೆ ಕೂರುವುದು ಶಾಖ ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವುದಕ್ಕೆ. ನೆರಳು ಹೋದರೆ ಒಳಗಿನ ಮರಿ ಬೇಯುತ್ತದೆ, ಇಲ್ಲವೇ ಅಕ್ಕನ ಮದುವಣಿಗ ಬರುತ್ತಾನೆ. ಹೊಳೆ ರೀವ ಈಗ ಜಗತ್ತಿನ ಮಟ್ಟದಲ್ಲೇ ಅಪಾಯಕ್ಕೆ ಸಿಕ್ಕಿದ ಹಕ್ಕಿಗಳ ಪಟ್ಟಿಯಲ್ಲಿದೆ. ಹೊಳೆಯ ಮರಳು ತೆಗೆದದ್ದು, ಗೂಡಿನ ಕಾಲದಲ್ಲಿ ನೀರು ದಿಢೀರನೆ ಏರಿದ್ದು, ನಾಯಿ, ಜನ, ಎಲ್ಲವೂ ಸೇರಿದೆ. ಚಂದದ ಫೋಟೋ ದೂರದ ಲೆನ್ಸಿನಲ್ಲೇ ಬರುತ್ತದೆ. ಹತ್ತಿರ ಹೋಗಿ ಅಂತ ದೋಣಿಯವರನ್ನು ಒತ್ತಾಯಿಸುವವರ ಮೇಲೆ ನನಗೆ ಸಿಟ್ಟಿದೆ. ಇರಲಿ.

ಮುರ್ಡೇಶ್ವರದವ:

ಮಲೆನಾಡಿನವರೇ, ನಡುಗಡ್ಡೆ ಅಂದರೆ ನಮ್ಮ ನೇತ್ರಾಣಿ. ಅಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಇದೆ. ಅದಕ್ಕೆ ಈ ಸಾಲು ಹೊಂದುತ್ತಾ?

ಸಂಚಾಲಕ:

ಹೊಂದುವುದಿಲ್ಲ. ಅದು ಎತ್ತರದ ಮರದಲ್ಲಿ ಕಡ್ಡಿ ಪೇರಿಸಿ ದೊಡ್ಡ ಗೂಡು ಕಟ್ಟುತ್ತದೆ. ಅದರ ಮೊಟ್ಟೆಗೆ ಕಾದ ಕಲ್ಲಿನ ಹಂಗಿಲ್ಲ. ಆದರೆ ಕಡಲು ಅಂದಿರಲ್ಲ, ಹೊಸನಗರದ ಭಟ್ರು ಆಗಲೇ ಅಲ್ಲಿಗೆ ಹೋಗಿದ್ದಾರೆ, ಕೆಳಗೆ ನೋಡಿ.

ಹೊಸನಗರದ ಭಟ್ಟರು:

ಸಮುದ್ರ ಟಿಟ್ಟಿಭದ, ಅಂದರೆ ತೇನೆಹಕ್ಕಿಯ, ಮೊಟ್ಟೆ ಕದ್ದ ಕಥೆ ನೆನಪಾಯಿತು. ಆ ಹಕ್ಕಿ ಗರುಡನಿಗೆ ದೂರು ಕೊಟ್ಟು, ಗರುಡ ವಿಷ್ಣುವಿಗೆ ಹೇಳಿ, ಕೊನೆಗೆ ಸಮುದ್ರ ಹೆದರಿ ಮೊಟ್ಟೆ ವಾಪಸ್ ಕೊಟ್ಟಿತು. ಟಿಟ್ಟಿಭದಲ್ಲೇ ಟ್ಟ ಇದೆ, ಬಿಡುವುದುಂಟೇ?

ಟಿಟ್ಟಿಭವು ಕಡಲೊಡನೆ ಕಾದಿದ್ದು ಕಥೆಯು
ಬಿಟ್ಟು ಬಿಡಿ ಗರುಡನನು, ನಂಬಬೇಡವನ
ಹೊಟ್ಟೆಯೇ ಕೊಡವಾಗಿ ತಂದಿತೈ ನೀರು
ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಸಂಚಾಲಕ:

ಭಟ್ರೇ, ಗುಟ್ಟು ಒಡೆದಿರಿ! ‘ಹೊಟ್ಟೆಯೇ ಕೊಡವಾಗಿ’ ಅಂದಲ್ಲಿ ನಾನು ಕೇಳಿದ್ದೆಲ್ಲ ಬಂತು. ಕಾಳಿದಾಸನ ಕೊಡವೂ ಬಂದ ಹಾಗಾಯಿತು.

ಗರುಡನನ್ನು ನಂಬಬೇಡ ಅಂದದ್ದು ಇನ್ನೂ ರುಚಿ. ನಾವು ಗರುಡ ಅನ್ನುವ ಕಂದು ಮೈ, ಬಿಳಿ ಎದೆಯ ಹದ್ದು ಹಿನ್ನೀರಿನ ಮೇಲೆ ಸುತ್ತುತ್ತಲೇ ಇರುತ್ತದೆ. ಕಥೆಯ ಗರುಡ ಮೊಟ್ಟೆ ಕೊಡಿಸಿದ. ಇಲ್ಲಿಯ ಗರುಡನಿಗೆ ಮರಿ ಸಿಕ್ಕರೆ ಎತ್ತಿಕೊಂಡು ಹೋಗುತ್ತಾನೆ.

ಒಂದೇ ಕೊರತೆ. ‘ಕಾದಿದ್ದು ಕಥೆಯು’ ಅಂತ ಟಿಟ್ಟಿಭವನ್ನು ಕಥೆಯಲ್ಲೇ ಬಿಟ್ಟಿರಿ. ಹಾಗಾದರೆ ನೀರು ತಂದದ್ದು ಯಾರು? ಮೂರನೇ ಸಾಲಿಗೆ ಕರ್ತೃವೇ ಇಲ್ಲ.

ಹೊಸನಗರದ ಭಟ್ಟರು:

ಟಿಟ್ಟಿಭವೇ ತಂದಿತು ಅಂತ ಓದಿಕೊಳ್ಳಿ. ಅದೂ ಹೀಗೇ ಹೊಟ್ಟೆ ನೆನೆಸಿಕೊಂಡು ಬರುತ್ತದಲ್ಲ. ನಮ್ಮ ಗದ್ದೆ ಅಂಚಿನಲ್ಲಿ ನೋಡಿದ್ದೇನೆ.

ಸಂಚಾಲಕ:

ಅದು ಸರಿ. ಬರುತ್ತದೆ. ಆದರೆ ನಿಮ್ಮ ಪದ್ಯ ಅಷ್ಟನ್ನು ಹೇಳುತ್ತಿಲ್ಲ, ನೀವು ಹೇಳುತ್ತಿದ್ದೀರಿ!

ಲಕ್ಕವಳ್ಳಿಯ ತಂಗಿ:

ತಡವಾಯ್ತು. ನಮ್ಮೂರಿನ ಹಕ್ಕಿ ಬಗ್ಗೆ ನಾನು ಬರೆಯದೇ ಇದ್ದರೆ ಹೇಗೆ?

ಕಟ್ಟೆ ನೀರಿಳಿದು ನಡುಗಡ್ಡೆ ಮೇಲೆದ್ದು
ಸುಟ್ಟ ಕಲ್ಲಿನ ನಡುವೆ ರೀವಕ್ಕಿ ಗೂಡು
ಹೊಟ್ಟೆ ತೋಯಿಸಿ ಬಂದು ತಾಯಿ ಕುಳಿತಾಗ
ಮೊಟ್ಟೆಗಳ ಮೇಲೆ ಮಳೆ ಸುಡು ಬಿಸಿಲಿನಲ್ಲಿ

ಸಂಚಾಲಕ:

ತಂಗಿ, ಇದೇ ನೋಡು. ನೀರು ಇಳಿದದ್ದು, ನೆಲ ಎದ್ದದ್ದು, ಕಲ್ಲು ಕಾದದ್ದು, ಹೊಟ್ಟೆ ತೊಯ್ದದ್ದು, ಎಲ್ಲ ಸಾಲಾಗಿ ಬಂದು ಕೊನೆಯ ಸಾಲು ತಾನಾಗಿ ಬಿತ್ತು. ಎಲ್ಲೂ ಎಳೆದು ತಂದ ಹಾಗಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿಸಿಲು ಏರಿದಾಗ ರೀವ ಹಾರಿ ಹೋಗಿ ನೀರಿಗೆ ಹೊಟ್ಟೆ ತಾಗಿಸುತ್ತದೆ. ಗರಿಗಳು ನೀರು ಹೀರಿಕೊಳ್ಳುತ್ತವೆ. ಹಾಗೇ ಬಂದು ಮೊಟ್ಟೆ ಮೇಲೆ ನಿಲ್ಲುತ್ತದೆ ಅಥವಾ ಕೂರುತ್ತದೆ. ಮೊಟ್ಟೆ ಒದ್ದೆಯಾಗುತ್ತದೆ, ಆ ನೀರು ಆರುವಾಗ ಮಣ್ಣಿನ ಮಡಕೆಯ ಹಾಗೆ ತಂಪಾಗುತ್ತದೆ. ಮರಿ ಒಡೆಯುವುದಕ್ಕೆ ಸುಮಾರು ಮೂರು ವಾರ ಬೇಕು. ಅಲ್ಲಿವರೆಗೆ ಬಿರುಬಿಸಿಲಿನ ದಿನಗಳಲ್ಲಿ ಇದೇ ಓಡಾಟ. ಮರಿ ಬಂದ ಮೇಲೂ ರೆಕ್ಕೆಯ ನೆರಳು ತಪ್ಪುವುದಿಲ್ಲ.

ಒಂದು ಸಣ್ಣ ತಕರಾರು. ತಾಯಿ ಒಬ್ಬಳೇ ಯಾಕೆ? ಕಾವು ಕೂರುವುದರಲ್ಲಿ ಗಂಡಿಗೂ ಪಾಲಿದೆ.

ಲಕ್ಕವಳ್ಳಿಯ ತಂಗಿ:

ಹೌದಣ್ಣ. ಮೂರನೇ ಸಾಲು ಹೀಗೆ ಮಾಡಿದರೆ?

ಹೊಟ್ಟೆ ತೋಯಿಸಿ ಸರದಿಯಲಿ ಬಂದು ಕುಳಿತು

ತೀರ್ಥಹಳ್ಳಿ ಮೇಷ್ಟ್ರು:

ಮೊದಲಿನದೇ ಚಂದ ಇತ್ತು. ‘ತಾಯಿ’ ಅಂದರೆ ಪದ್ಯಕ್ಕೆ ಜೀವ ಬರುತ್ತದೆ. ‘ಸರದಿ’ ಅಂದರೆ ಪಡಿತರ ಅಂಗಡಿ ನೆನಪಾಗುತ್ತದೆ.

ಸಾಗರದ ಅಕ್ಕ:

ಮೇಷ್ಟ್ರೇ, ಅಪ್ಪನೂ ಬಿಸಿಲಲ್ಲಿ ಕೂತಿದ್ದಾನಲ್ಲ, ಅವನಿಗೂ ಒಂದು ಪದ ಸಿಗಲಿ ಬಿಡಿ. ನನಗೆ ಎರಡನೆಯದೇ ಇಷ್ಟ.

ಸಂಚಾಲಕ:

ಕಿವಿಗೆ ಮೊದಲಿನದು, ಕಣ್ಣಿಗೆ ಎರಡನೆಯದು. ಎರಡನೆಯದಕ್ಕೇ ನನ್ನ ಮತ. ಮೊದಲ ಸ್ಥಾನ ಲಕ್ಕವಳ್ಳಿಯ ತಂಗಿಗೆ. ಎರಡನೆಯದು ಭಟ್ರಿಗೆ. ಅವರು ಜಗಳಕ್ಕೆ ಬರುತ್ತಾರೆ ಅಂತ ಗೊತ್ತು, ಬರಲಿ. ಆನೆ ಸೀನಿಗೆ ವಿಶೇಷ ಬಹುಮಾನ. ಮೇಷ್ಟ್ರಿಗೆ ಕೇಳಿದ ಅರ್ಧ ಅಂಕ ಕೊಟ್ಟಿದ್ದೇನೆ.

ಗೆದ್ದವರು ಮುಂದಿನ ಸಮಸ್ಯೆ ಕೊಡಬೇಕು. ತಂಗಿ, ಹೇಳು.

ಲಕ್ಕವಳ್ಳಿಯ ತಂಗಿ:

ಛಂದಸ್ಸು ಇದೇ ಇರಲಿ. ಪ್ರಾಸ ಈಗ ರ-ಕಾರ, ಮೊದಲ ಅಕ್ಷರ ಲಘು.

ಮರದ ಕೊಂಬೆಗೆ ಮೀನು ಹಾರಿ ಕುಳಿತಿಹುದು

ಶಿಕಾರಿಪುರದ ಹುಡುಗ:

ಮಿಂಚುಳ್ಳಿ ತಂದು ಇಟ್ಟಿತು ಅಂದರೆ ಆಯ್ತಲ್ಲ ಅಕ್ಕ?

ಲಕ್ಕವಳ್ಳಿಯ ತಂಗಿ:

ಮಿಂಚುಳ್ಳಿ ತಂದವರಿಗೆ ಮೇಷ್ಟ್ರ ಅರ್ಧ ಅಂಕ. ಬೇರೆ ದಾರಿ ಹುಡುಕು.